ಹೂವು ರಾಶಿ ಇದೆ, ಜೇನೂ ಇಲ್ಲ, ಚಿಟ್ಟೆಯೂ ಇಲ್ಲ. ಸ್ಥಳೀಯ ಗಿಡ ಹಾಕಿದರೆ ಬರುತ್ತವಾ?

ಕುಂಡತೋಟ
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸ್ವಲ್ಪ ಜಾಗ ಇದೆ, ಮೇಲೆ ತಾರಸಿ. ಎರಡೂ ಕಡೆ ಹೂವಿನ ಗಿಡ ತುಂಬಿವೆ. ಹಲವು ಸುತ್ತು ಎಸಳಿನ ದಾಸವಾಳ, ಹೈಬ್ರಿಡ್ ಗುಲಾಬಿ, ಬೋಗನ್‌ವಿಲ್ಲಾ, ಪೆಟೂನಿಯಾ, ಸ್ವಲ್ಪ ಕಾಸ್ಮಾಸ್. ನೋಡಲು ತುಂಬಾ ಚೆನ್ನಾಗಿದೆ. ಆದರೆ ಜೇನು ಬರುವುದು ತೀರಾ ಕಡಿಮೆ. ಚಿಟ್ಟೆ ಬಂದರೂ ಒಂದು ಸುತ್ತು ಹಾಕಿ ಹೊರಟುಹೋಗುತ್ತದೆ. ತಾರಸಿ ಚಪ್ಪರದಲ್ಲಿ ಸೋರೆ ಬಳ್ಳಿ ಇದೆ. ಹೆಣ್ಣುಹೂವು ಬಿಡುತ್ತದೆ, ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಸ್ಥಳೀಯ ಗಿಡ ಹಾಕಿದರೆ ಪರಾಗಸ್ಪರ್ಶ ಮಾಡುವ ಹುಳುಗಳು ತಾವಾಗಿ ಬರುತ್ತವೆ ಅಂತ ಕೇಳಿದ್ದೇನೆ. ನಿಜವಾ? ಹಾಗಾದರೆ ಇರುವುದನ್ನೆಲ್ಲ ಕೀಳಬೇಕಾ?

ಹಳೇಬೇಲಿ
ತುಳಸಿ ಹಾಕಿ. ಹೂಗೊನೆ ಚಿವುಟಬೇಡಿ. ಜೇನು ತಾನಾಗಿ ಬರುತ್ತದೆ.

ದುಂಬಿಗೆಳೆಯ
ಕೀಳುವ ಮಾತು ಆಮೇಲೆ. ಮೊದಲು ನಿಮ್ಮ ಪಟ್ಟಿಯನ್ನು ಜೇನಿನ ಕಣ್ಣಿನಿಂದ ನೋಡಿ. ಹಲವು ಸುತ್ತಿನ ದಾಸವಾಳದಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಅಂದರೆ ಪರಾಗ ಇಲ್ಲ ಅಥವಾ ತೀರಾ ಕಡಿಮೆ. ಹೈಬ್ರಿಡ್ ಗುಲಾಬಿಯದ್ದೂ ಅದೇ ಕಥೆ, ಎಸಳು ಜಾಸ್ತಿಯಾದಷ್ಟೂ ಹುಳುವಿಗೆ ಒಳಗೆ ದಾರಿ ಇಲ್ಲ. ಬೋಗನ್‌ವಿಲ್ಲಾದಲ್ಲಿ ಬಣ್ಣದ್ದು ಹೂವೇ ಅಲ್ಲ, ಎಲೆ. ನಿಜವಾದ ಹೂವು ನಡುವೆ ಇರುವ ಸಣ್ಣ ಬಿಳಿ ಕೊಳವೆ. ನಿಮ್ಮ ಕಣ್ಣಿಗೆ ಹೂವಿನ ರಾಶಿ, ಅವಕ್ಕೆ ಬಹುಪಾಲು ಬರಿದು.

ಒಂದೇ ಸುತ್ತು ಎಸಳಿರುವ, ನಡುವೆ ಪರಾಗ ಕಾಣುವ ಹೂವು ಬೇಕು. ಅದು ಮೊದಲ ಹೆಜ್ಜೆ. ಸ್ಥಳೀಯವಾ ಅನ್ನುವ ಪ್ರಶ್ನೆ ಅದರ ನಂತರದ್ದು.

ಬಳ್ಳಿಮನೆ
ದುಂಬಿಗೆಳೆಯ ಅಣ್ಣ, ನಂತರದ್ದು ಅಂದರೆ ನಾನು ಒಪ್ಪುವುದಿಲ್ಲ. ಮಕರಂದ ಅರ್ಧ ಕಥೆ ಮಾತ್ರ. ಚಿಟ್ಟೆ ಹೂವಿನಿಂದ ಹುಟ್ಟುವುದಿಲ್ಲ, ಎಲೆಯಿಂದ ಹುಟ್ಟುತ್ತದೆ. ಮರಿಹುಳಕ್ಕೆ ತಿನ್ನಲು ಅದರದ್ದೇ ಗಿಡ ಬೇಕು. ಕುಂಡತೋಟ ಅವರ ಚಿಟ್ಟೆ ಸುತ್ತು ಹಾಕಿ ಹೋಗುತ್ತದೆ ಅಂದರಲ್ಲ, ಮೊಟ್ಟೆ ಇಡಲು ಎಲೆ ಹುಡುಕುವ ಹೆಣ್ಣು ಇರಬಹುದು. ಎಲೆ ಮೇಲೆ ಕಾಲೂರಿ ರುಚಿ ನೋಡುತ್ತದೆ. ತನ್ನದಲ್ಲ ಅಂತ ಗೊತ್ತಾದರೆ ಮುಂದೆ ಹೋಗುತ್ತದೆ.

ನಿಂಬೆ ಜಾತಿಯ ಗಿಡದಲ್ಲಿ ಲೈಮ್ ಚಿಟ್ಟೆ. ಕರಿಬೇವಿನಲ್ಲಿ ಕಾಮನ್ ಮಾರ್ಮನ್. ಎಕ್ಕದಲ್ಲಿ ಪ್ಲೇನ್ ಟೈಗರ್. ತಂಗಡಿಯಲ್ಲಿ ಹಳದಿ ಬಿಳಿ ಎಮಿಗ್ರಂಟ್ ಚಿಟ್ಟೆಗಳು. ಈಶ್ವರಿ ಬಳ್ಳಿಯಲ್ಲಿ ಕ್ರಿಮ್ಸನ್ ರೋಸ್, ಕಾಮನ್ ರೋಸ್, ಪಶ್ಚಿಮ ಘಟ್ಟದ ಸದರ್ನ್ ಬರ್ಡ್‌ವಿಂಗ್. ಇವುಗಳಲ್ಲಿ ಒಂದಕ್ಕೂ ನಿಮ್ಮ ಪೆಟೂನಿಯಾ ತೊಟ್ಟಿಲಾಗುವುದಿಲ್ಲ.

ನಾಲ್ಕುಕಾಲ
ಈ ಸ್ಥಳೀಯ ಸ್ಥಳೀಯ ಅನ್ನುವುದು ಸ್ವಲ್ಪ ಅತಿಯಾಯಿತು. ಕಾಸ್ಮಾಸ್, ಜಿನಿಯಾ, ಚೆಂಡುಹೂ ಎಲ್ಲ ಮೆಕ್ಸಿಕೋ ಕಡೆಯವು. ನನ್ನ ತೋಟದಲ್ಲಿ ಅವುಗಳ ಮೇಲೆ ಜೇನು ಕೂತೇ ಇರುತ್ತದೆ. ಜೇನು ಪಾಸ್‌ಪೋರ್ಟ್ ಕೇಳುವುದಿಲ್ಲ. ಲಂಟಾನ ನೋಡಿ, ಅದರ ಮೇಲೆ ಇರುವಷ್ಟು ಚಿಟ್ಟೆ ಬೇರೆ ಯಾವ ಗಿಡದಲ್ಲಿದೆ ಹೇಳಿ?

ಮಣ್ಣುವಾಸನೆ
ಲಂಟಾನ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ ಸರ್. 1800ರ ದಶಕದ ಶುರುವಿನಲ್ಲಿ ಅಲಂಕಾರದ ಗಿಡ ಅಂತ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇವತ್ತು ಕಾಡಿನ ನೆಲವನ್ನೇ ಮುಚ್ಚಿದೆ. ಅದರ ಅಡಿಯಲ್ಲಿ ಹುಲ್ಲು ಬರುವುದಿಲ್ಲ, ಕಾಡುಗಿಡದ ಸಸಿ ಏಳುವುದಿಲ್ಲ. ಚಿಟ್ಟೆ ಅದರಲ್ಲಿ ಮಕರಂದ ಕುಡಿಯುವುದು ನಿಜ. ಆದರೆ ಅದೇ ಚಿಟ್ಟೆಯ ಮರಿಹುಳಕ್ಕೆ ಬೇಕಾದ ಗಿಡಗಳ ಜಾಗವನ್ನು ಅದು ನುಂಗಿದೆ. ಒಂದು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ಕಿತ್ತುಕೊಂಡ ಹಾಗೆ.

ನಾಲ್ಕುಕಾಲ
ಲಂಟಾನ ಬಿಡಿ, ಅದು ಸರಿ. ಕಾಸ್ಮಾಸ್ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಅಂಗಳದ ಅಕ್ಕ
ನಾಲ್ಕುಕಾಲ ಅವರಿಗೆ ಅರ್ಧ ಬೆಂಬಲ ಇದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ವಿಸ್ಲಿ ತೋಟದಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ಸ್ಥಳೀಯ ಗಿಡ, ಹತ್ತಿರದ ಪ್ರದೇಶಗಳ ಗಿಡ, ದೂರದ ಗಿಡ ಅಂತ ಬೇರೆ ಬೇರೆ ಪಾತಿ ಮಾಡಿ ನಾಲ್ಕು ವರ್ಷ ಹುಳುಗಳನ್ನು ಎಣಿಸಿದರು. ಸ್ಥಳೀಯ ಮತ್ತು ಹತ್ತಿರದ ಗಿಡಗಳಿಗೆ ಜಾಸ್ತಿ ಹುಳು ಬಂದವು. ಆದರೆ ಸ್ಥಳೀಯ ಗಿಡಗಳ ಹೂವು ಮುಗಿದ ಮೇಲೆ ದೂರದ ಗಿಡಗಳು ಕೆಲಸಕ್ಕೆ ಬಂದವು. ಹೂವಿಲ್ಲದ ತಿಂಗಳು ಇರಬಾರದು, ಅದು ಮುಖ್ಯ.

ಬಳ್ಳಿಮನೆ
ಅಕ್ಕ, ಅದು ಹೂವಿಗೆ ಬರುವ ಹುಳುಗಳ ಲೆಕ್ಕ. ಎಲೆ ತಿನ್ನುವ ಮರಿಹುಳದ ಲೆಕ್ಕವೇ ಬೇರೆ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಕೀಟತಜ್ಞ ಡಗ್ಲಸ್ ಟಾಲಮಿ ಒಂದು ಲೆಕ್ಕ ಕೊಡುತ್ತಾರೆ. ಚಿಕಡೀ ಅನ್ನುವ ಅಂಗೈಯೊಳಗೆ ಹಿಡಿಸುವ ಹಕ್ಕಿ ಒಂದು ಗೂಡಿನ ಮರಿಗಳನ್ನು ಹಾರುವ ತನಕ ಬೆಳೆಸಲು 6,000ದಿಂದ 9,000 ಮರಿಹುಳ ಹಿಡಿಯಬೇಕು. ಆ ಹುಳುಗಳು ಹೊರಗಿನಿಂದ ಬಂದ ಅಲಂಕಾರದ ಗಿಡದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಎಲೆಯ ರಾಸಾಯನಿಕಕ್ಕೆ ಹುಳು ಒಗ್ಗಿಕೊಳ್ಳಲು ಎಷ್ಟೋ ತಲೆಮಾರು ಬೇಕು.

ಇನ್ನೂ ಕೆಟ್ಟ ಉದಾಹರಣೆ ಆಸ್ಟ್ರೇಲಿಯಾದ್ದು. ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗೆ ಈಶ್ವರಿ ಬಳ್ಳಿಯ ಸಂಬಂಧಿಯಾದ ಕಾಡುಬಳ್ಳಿ ಬೇಕು. ತೋಟಗಳಿಗೆ ಅಂದಕ್ಕಾಗಿ ದಕ್ಷಿಣ ಅಮೆರಿಕದ ಡಚ್‌ಮನ್ಸ್ ಪೈಪ್ ಬಳ್ಳಿ ತಂದರು. ಅದೂ ಅದೇ ಕುಟುಂಬದ್ದು, ವಾಸನೆ ಹೋಲುತ್ತದೆ. ಹೆಣ್ಣು ಚಿಟ್ಟೆ ಮೋಸಹೋಗಿ ಅದರಲ್ಲಿ ಮೊಟ್ಟೆ ಇಡುತ್ತದೆ. ಮರಿ ಎಲೆ ತಿಂದು ಸಾಯುತ್ತದೆ. ಆದ್ದರಿಂದ 'ಅದೇ ಥರದ ಗಿಡ' ಸಾಲದು, ಅದೇ ಗಿಡ ಬೇಕು.

ಕುಂಡತೋಟ
ಇದು ನನಗೆ ಗೊತ್ತೇ ಇರಲಿಲ್ಲ. ಆದರೆ ಒಂದು ಅನುಮಾನ. ಹುಳು ಬರಲಿ ಅಂತ ಗಿಡ ಹಾಕಿದರೆ ಎಲೆಯನ್ನೆಲ್ಲ ತಿಂದು ಬೋಳು ಮಾಡುವುದಿಲ್ಲವಾ? ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನೋ ಅಂಟಿಕೊಂಡಿತ್ತು, ನೀರು ಹೊಡೆದು ತೊಳೆದೆ.

ಚಿಟ್ಟೆಹಾದಿ
ಅದೇ ಕಾಮನ್ ಮಾರ್ಮನ್ ಮರಿಹುಳ ಇರಬಹುದು! ಸಣ್ಣದಿರುವಾಗ ಹಿಕ್ಕೆಯ ಹಾಗೇ ಕಂದು ಬಿಳಿ. ಹಕ್ಕಿ ತಿನ್ನದಿರಲಿ ಅಂತ ಆ ವೇಷ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ಹೊರಗೆ ಬಂದು ಘಾಟು ವಾಸನೆ ಬರುತ್ತದೆ. ಮಕ್ಕಳಿಗೆ ತೋರಿಸಿ, ಬಿಟ್ಟು ಅಲುಗುವುದಿಲ್ಲ.

ಬೋಳಾಗುವ ಭಯ ಬೇಡ. ಬಲಿತ ಗಿಡ ಮತ್ತೆ ಚಿಗುರುತ್ತದೆ. ಸಣ್ಣ ಸಸಿಯಾದರೆ ಮಾತ್ರ ಹುಳುಗಳನ್ನು ದೊಡ್ಡ ಗಿಡಕ್ಕೆ ವರ್ಗ ಮಾಡಿ. ಒಂದು ಗಿಡದ ಬದಲು ಎರಡು ಮೂರು ಹಾಕಿದರೆ ಇನ್ನೂ ಒಳ್ಳೆಯದು. ಮೊಟ್ಟೆಗಳಲ್ಲಿ ಚಿಟ್ಟೆಯಾಗುವ ತನಕ ಉಳಿಯುವುದೇ ಕೆಲವು. ಉಳಿದವು ಹಕ್ಕಿಗೆ, ಜೇಡಕ್ಕೆ, ಸಣ್ಣ ಕಣಜಗಳಿಗೆ.

ಹಳೇಬೇಲಿ
ಎಕ್ಕ ಹಾಕುವವರು ಹುಷಾರು. ಕೊಂಬೆ ಮುರಿದಾಗ ಬರುವ ಹಾಲು ಕಣ್ಣಿಗೆ ತಾಗಬಾರದು. ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಲಿಯಂಚಿಗೆ ಇರಲಿ.

ದುಂಬಿಗೆಳೆಯ
ಹೌದು. ಆದರೆ ಎಕ್ಕದಲ್ಲಿ ನಡೆಯುವ ಕೆಲಸ ನೋಡಲೇಬೇಕು. ಅದರ ಪರಾಗ ಪುಡಿಯಲ್ಲ, ಜೋಡಿ ಉಂಡೆ. ದೊಡ್ಡ ಕಪ್ಪು ದುಂಬಿಯ ಕಾಲು ಹೂವಿನ ಸೀಳಿಗೆ ಸಿಕ್ಕಿದಾಗ ಆ ಉಂಡೆ ಕಾಲಿಗೆ ಅಂಟಿಕೊಳ್ಳುತ್ತದೆ. ಬಲ ಇರುವ ದುಂಬಿ ಮಾತ್ರ ಎಳೆದುಕೊಂಡು ಹೋಗಬಲ್ಲದು. ಸಣ್ಣ ನೊಣ ಸಿಕ್ಕಿಕೊಂಡರೆ ಅಲ್ಲೇ ಉಳಿಯುವುದೂ ಇದೆ.

ಕುಂಡತೋಟ ಅವರೇ, ಸೋರೆಯ ವಿಷಯಕ್ಕೆ ಯಾರೂ ಬರಲಿಲ್ಲ. ಸೋರೆಯ ಬಿಳಿ ಹೂವು ಅರಳುವುದು ಸಂಜೆ. ರಾತ್ರಿ ಪೂರ್ತಿ ತೆರೆದಿದ್ದು ಮರುದಿನ ಬಾಡುತ್ತದೆ. ಅದರ ಕೆಲಸಗಾರರು ಹೆಚ್ಚಾಗಿ ಪತಂಗಗಳು. ನೀವು ಹಗಲು ಜೇನಿಗೆ ಕಾಯುತ್ತಿದ್ದರೆ ಅದು ಬೇರೆ ಪಾಳಿ. ಹೀರೆಯೂ ಸಂಜೆಯದ್ದೇ. ಕುಂಬಳ ಮಾತ್ರ ಮುಂಜಾವಿಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ತಾರಸಿಯಲ್ಲಿ ರಾತ್ರಿ ದೀಪ ಇದೆಯಾ?

ಕುಂಡತೋಟ
ಇದೆ ಸರ್. ಚಪ್ಪರದ ಪಕ್ಕದಲ್ಲೇ ಬಿಳಿ ಎಲ್‌ಇಡಿ, ಬೆಳಗಿನ ತನಕ ಉರಿಯುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ದುಂಬಿಗೆಳೆಯ
ದೊಡ್ಡ ಸಂಬಂಧ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಕತ್ತಲ ಹುಲ್ಲುಗಾವಲುಗಳಲ್ಲಿ ಬೀದಿದೀಪ ನಿಲ್ಲಿಸಿ ಪರೀಕ್ಷೆ ಮಾಡಿದ್ದರು. 2017ರಲ್ಲಿ ಪ್ರಕಟವಾಯಿತು. ದೀಪ ಇದ್ದ ಜಾಗದಲ್ಲಿ ರಾತ್ರಿ ಹುಳುಗಳು ಹೂವಿಗೆ ಬರುವುದು 62% ಕಡಿಮೆಯಾಯಿತು. ಅದೇ ಜಾಗದ ಒಂದು ಗಿಡದಲ್ಲಿ ಹಗಲು ಜೇನು ಬಂದರೂ ಕಾಯಿ ಕಟ್ಟುವುದು 13% ಇಳಿಯಿತು. ಹಗಲಿನವರು ರಾತ್ರಿಯವರ ಕೊರತೆ ತುಂಬಲಿಲ್ಲ.

ದೀಪ ಆರಿಸಿ. ಆರಿಸಲು ಆಗದಿದ್ದರೆ ಹಳದಿ ಬಲ್ಬು ಹಾಕಿ ಕೆಳಮುಖ ಮಾಡಿ. ಅಲ್ಲಿಯ ತನಕ ಸಂಜೆ ನೀವೇ ಪತಂಗವಾಗಿ. ಗಂಡುಹೂವು ಕಿತ್ತು ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣುಹೂವಿನ ನಡುವೆ ಮೆಲ್ಲಗೆ ಒತ್ತಿ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು. ಪರಾಗ ಸಿಗದ ಕಾಯಿಯೇ ನೀವು ಹೇಳಿದ ಹಾಗೆ ಹಳದಿಯಾಗಿ ಉದುರುವುದು.

ಸಂಜೆಗಾಳಿ
ಪತಂಗಗಳ ಮಾತು ಬಂದಿದ್ದಕ್ಕೆ ಖುಷಿಯಾಯಿತು. ಎಲ್ಲರೂ ಜೇನು, ಚಿಟ್ಟೆ ಅಷ್ಟೇ ಹೇಳುತ್ತಾರೆ. ಪಾರಿಜಾತ ರಾತ್ರಿ ಯಾಕೆ ಅರಳುತ್ತದೆ, ಮಲ್ಲಿಗೆ ಕತ್ತಲಾದ ಮೇಲೆ ಯಾಕೆ ಅಷ್ಟು ಪರಿಮಳ ಬಿಡುತ್ತದೆ? ಬಿಳಿ ಬಣ್ಣ, ಉದ್ದ ಕೊಳವೆ, ರಾತ್ರಿ ಪರಿಮಳ, ಮೂರೂ ಪತಂಗಕ್ಕೆ ಕರೆ. ಬೂರುಗದ ಹೂವಿಗೆ ರಾತ್ರಿ ಬಾವಲಿ, ಹಗಲು ಹಕ್ಕಿ. ಮುತ್ತುಗದ ಕೆಂಪು ಹೂವಿಗೆ ಹಕ್ಕಿಗಳೇ. ಅತ್ತಿಯಂಥ ಮರಗಳದ್ದು ಇನ್ನೂ ವಿಚಿತ್ರ, ಹೂವು ಕಾಯಿಯ ಒಳಗೇ ಇರುತ್ತದೆ. ಅಲ್ಲಿಗೆ ಹೋಗಲು ಆ ಮರಕ್ಕೇ ಮೀಸಲಾದ ಪುಟ್ಟ ಕಣಜ ಬೇಕು.

ತಾರಸಿಮಣ್ಣು
ಸ್ವಲ್ಪ ದಾರಿ ತಪ್ಪಿದ ಪ್ರಶ್ನೆ, ಕ್ಷಮಿಸಿ. ನಮ್ಮ ಚಪ್ಪರದ ಬಿದಿರಿನಲ್ಲಿ ದೊಡ್ಡ ಕಪ್ಪು ದುಂಬಿ ಗುಂಡಗೆ ತೂತು ಕೊರೆದಿದೆ. ಹತ್ತಿರ ಹೋದರೆ ಮುಖದ ಮುಂದೆಯೇ ಹಾರುತ್ತದೆ. ಹೊಗೆ ಹಾಕಿ ಓಡಿಸಲಾ?

ಮಣ್ಣುವಾಸನೆ
ಬೇಡಪ್ಪ! ಬಡಗಿ ದುಂಬಿ ಅದು. ಮುಖದ ಮುಂದೆ ಹಾರಿ ಹೆದರಿಸುವುದು ಹೆಚ್ಚಾಗಿ ಗಂಡು, ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಕುಟುಕಬಹುದು. ತಂಗಡಿ, ಬದನೆ, ಟೊಮೆಟೊ ಇಂಥ ಹೂವುಗಳಲ್ಲಿ ಪರಾಗ ಸಣ್ಣ ತೂತಿನ ಒಳಗೆ ಬಂದ್ ಆಗಿರುತ್ತದೆ. ದುಂಬಿ ಹೂವನ್ನು ತಬ್ಬಿ ರೆಕ್ಕೆಯ ಸ್ನಾಯು ಗುಂಯ್ ಅಂತ ನಡುಗಿಸಿದಾಗ ಪರಾಗ ಉದುರುತ್ತದೆ. ನಮ್ಮ ಪೆಟ್ಟಿಗೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಆಧಾರದ ಕಂಬ ಬೇರೆ ಗಟ್ಟಿ ಮರದ್ದು ಹಾಕಿ, ಪಕ್ಕದಲ್ಲಿ ಒಂದೆರಡು ಒಣ ಬಿದಿರು ಕಟ್ಟಿ ಬಿಡಿ. ಅದು ಅಲ್ಲಿಗೆ ಹೋಗಬಹುದು.

ಚಿಟ್ಟೆಹಾದಿ
ನೀಲಿ ಪಟ್ಟೆ ಜೇನನ್ನೂ ಸೇರಿಸಿ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಗೆರೆ ಇರುತ್ತದೆ, ಒಂದೇ ಕಡೆ ನಿಲ್ಲದೆ ಜುಂಯ್ ಅಂತ ಹಾರುತ್ತದೆ. ಆಸ್ಟ್ರೇಲಿಯಾದ ನೀಲಿ ಪಟ್ಟೆ ಜೇನನ್ನು ಟೊಮೆಟೊ ಹೂವಿನ ಮೇಲೆ ವಿಡಿಯೊ ಮಾಡಿದಾಗ ಅದು ತಲೆಯನ್ನೇ ಸೆಕೆಂಡಿಗೆ ಸುಮಾರು 350 ಸಲ ಬಡಿಯುವುದು ಕಂಡಿತು. ಅದರ ಗಂಡುಗಳು ಸಂಜೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಸಾಲಾಗಿ ನೇತಾಡುತ್ತಾ ಮಲಗುತ್ತವೆ. ಆದ್ದರಿಂದ ಒಣ ಕಡ್ಡಿಗಳನ್ನೆಲ್ಲ ಕತ್ತರಿಸಿ ಚೊಕ್ಕಟ ಮಾಡಬೇಡಿ.

ನೆರಳುಗಿಡ
ಇಷ್ಟೆಲ್ಲ ಕಷ್ಟ ಯಾಕೆ? ಒಂದು ಜೇನುಪೆಟ್ಟಿಗೆ ತಂದಿಟ್ಟರೆ ಮುಗಿಯಿತು ಅಲ್ವಾ?

ಬಳ್ಳಿಮನೆ
ಮುಗಿಯುವುದಿಲ್ಲ. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನ್ನೊಣಗಳಿವೆ. ಬಹುಪಾಲು ಒಂಟಿಯಾಗಿ ಬದುಕುವವು. ಒಟ್ಟು ಕುಟುಂಬವಿಲ್ಲ, ರಾಣಿಯಿಲ್ಲ, ಜೇನುತುಪ್ಪವಿಲ್ಲ. ಹೂವು ಕಡಿಮೆ ಇರುವ ಕಡೆ ಪೆಟ್ಟಿಗೆ ಇಟ್ಟರೆ ಸಾವಿರಾರು ಬಾಯಿಗಳು ಏಕಕಾಲಕ್ಕೆ ಬಂದ ಹಾಗೆ. ಈ ಒಂಟಿ ಜೇನುಗಳಿಗೆ ಉಳಿಯುವುದೇನು? ರೋಗದ ಭಯ ಬೇರೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಬಹುಪಾಲು ಕುಟುಂಬಗಳು ಅಳಿದವು. ಜೇನು ಸಾಕುವುದು ಒಳ್ಳೆಯ ಕಸುಬು, ನನ್ನ ತಕರಾರಿಲ್ಲ. ಆದರೆ ಜೇನು ಸಾಕುವುದೂ ಕಾಡುಜೇನು ಉಳಿಸುವುದೂ ಒಂದೇ ಅಲ್ಲ.

ನೆರಳುಗಿಡ
ಮುಜಂಟಿ ಆದರೆ? ಅದು ಇಲ್ಲಿಯದ್ದೇ ತಾನೆ?

ಬಳ್ಳಿಮನೆ
ಇಲ್ಲಿಯದ್ದೇ. ಕೊಂಡಿಯಿಲ್ಲದ ಪುಟ್ಟ ಜೇನು. ಗೋಡೆಯ ಸಂದಿನಲ್ಲಿ ತಾನಾಗಿ ಬಂದು ಕೂತಿದ್ದರೆ ಬಾಯಿ ಮುಚ್ಚದೆ ಬಿಡಿ. ಎಲ್ಲಿಂದಲೋ ಮರ ಕಡಿದು, ಗೋಡೆ ಒಡೆದು ತರುವುದಾದರೆ ಬೇಡ.

ಅಂಗಳದ ಅಕ್ಕ
ಗೂಡಿನ ವಿಷಯಕ್ಕೆ ಬಂದಿದ್ದೀರಿ, ನನಗೆ ಅತಿ ಮುಖ್ಯ ಅನಿಸುವುದು ಇದೇ. ಜೇನು ಜಾತಿಗಳಲ್ಲಿ ಸುಮಾರು 70% ನೆಲದಲ್ಲಿ ಗೂಡು ಮಾಡುತ್ತವೆ. ನಾವು ಅಂಗಳಕ್ಕೆಲ್ಲ ಕಾಂಕ್ರೀಟು, ಟೈಲ್ಸ್ ಹಾಕಿ, ಉಳಿದ ಮಣ್ಣಿಗೆ ದಪ್ಪ ಹೊದಿಕೆ ಹಾಕಿ, ಆಮೇಲೆ ಜೇನು ಬರಲಿಲ್ಲ ಅನ್ನುತ್ತೇವೆ. ಅವು ಊಟಕ್ಕೆ ಬರಬಹುದು, ಮನೆ ಎಲ್ಲಿ? ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೂಲೆಯ ಮಣ್ಣು ಬರಿದಾಗಿ ಇರಲಿ. ಅಗೆಯಬೇಡಿ, ತುಳಿಯಬೇಡಿ. ಕಡ್ಡಿ ಗಾತ್ರದ ತೂತು, ಸುತ್ತ ಪುಡಿಮಣ್ಣು ಕಂಡರೆ ಕೆಲಸ ಶುರುವಾಗಿದೆ ಅಂತ ಅರ್ಥ. ಎಲ್ಲ ತೂತೂ ಇರುವೆಯದ್ದಲ್ಲ.

ತಾರಸಿಮಣ್ಣು
ತಾರಸಿಯವರು ಏನು ಮಾಡಬೇಕು ಅಕ್ಕ? ನಮಗೆ ನೆಲವೇ ಇಲ್ಲ.

ಅಂಗಳದ ಅಕ್ಕ
ಅಗಲ ಕುಂಡಕ್ಕೆ ಮರಳು ಮಣ್ಣು ಗಟ್ಟಿಯಾಗಿ ತುಂಬಿ, ಗಿಡ ಹಾಕದೆ ಬಿಸಿಲಲ್ಲಿ ಇಡಿ. ಜೊತೆಗೆ ಒಣ ಬಿದಿರಿನ ತುಂಡು. ಒಂದು ತುದಿ ಗೆಣ್ಣಿನಿಂದ ಮುಚ್ಚಿರಬೇಕು, ತೂತು 6ರಿಂದ 10 ಮಿಲಿಮೀಟರ್, ಉದ್ದ ಒಂದು ಗೇಣಿನಷ್ಟು. ಮಳೆ ಬೀಳದ ಕಡೆ, ಅಲ್ಲಾಡದ ಹಾಗೆ ಅಡ್ಡಡ್ಡ ಕಟ್ಟಿ. ಎಲೆ ಕತ್ತರಿಸುವ ಜೇನು ಬಂದರೆ ಗುಲಾಬಿ ಎಲೆಯ ಅಂಚಲ್ಲಿ ಅರ್ಧಚಂದ್ರ ಕತ್ತರಿಸಿದ ಗುರುತು ಕಾಣುತ್ತದೆ. ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ. ಹಳೆಯ ತುಂಡುಗಳನ್ನು ಮರಿ ಹೊರಟ ಮೇಲೆ ಬದಲಿಸಿ, ಇಲ್ಲವಾದರೆ ಪರಾವಲಂಬಿ ಹುಳು ಸೇರಿಕೊಳ್ಳುತ್ತವೆ.

ಹಳೇಬೇಲಿ
ಔಷಧಿ ಅಂದಿರಿ, ಅದು ಇಷ್ಟು ಹೊತ್ತಿಗೇ ಬರಬೇಕಿತ್ತು. ನರ್ಸರಿ ಗಿಡ ತರುವಾಗ ಏನು ಹೊಡೆದಿದ್ದಾರೆ ಕೇಳಿ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಬೇರಿನಿಂದ ಗಿಡದ ಪೂರ್ತಿ ಸೇರುತ್ತದೆ. ಪರಾಗಕ್ಕೂ ಬರುತ್ತದೆ, ಮಕರಂದಕ್ಕೂ ಬರುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಯೋನಿಕೋಟಿನಾಯ್ಡ್ ಅನ್ನುವ ಈ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಿನ ಬೆಳೆಗೆ ಬಳಸುವುದನ್ನೇ ನಿಲ್ಲಿಸಿತು. ಚಿಟ್ಟೆಗೆ ಅಂತ ತಂದ ಗಿಡವೇ ಚಿಟ್ಟೆಗೆ ವಿಷ ಆಗಬಾರದು.

ನಾಲ್ಕುಕಾಲ
ಬೇವಿನೆಣ್ಣೆ ಆದರೂ ಹೊಡೆಯಬಹುದಲ್ಲ? ಅದು ಸಾವಯವ.

ಹಳೇಬೇಲಿ
ಸಾವಯವ ಅಂದ ಮಾತ್ರಕ್ಕೆ ಮರಿಹುಳಕ್ಕೆ ಸಿಹಿಯಲ್ಲ ಸರ್. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ, ಹೂವಿನ ಮೇಲೆ ಬೇಡ, ಚಿಟ್ಟೆ ಗಿಡಗಳಿಗಂತೂ ಬೇಡವೇ ಬೇಡ. ಸಸ್ಯಹೇನು ಬಂದರೆ ಸುಮ್ನೆ ಸ್ವಲ್ಪ ಕಾಯಿರಿ. ಹೂನೊಣ ಬಂದು ಮೊಟ್ಟೆ ಇಡುತ್ತದೆ, ಅದರ ಮರಿ ಹೇನು ತಿಂದು ಬೆಳೆಯುತ್ತದೆ. ದೊಡ್ಡದಾಗಿ ಅದೇ ಹೂನೊಣ ನಿಮ್ಮ ಹೂವಿಗೆ ಪರಾಗಸ್ಪರ್ಶ ಮಾಡುತ್ತದೆ. ಎರಡೂ ಕೆಲಸ ಒಂದೇ ಹುಳುವಿನಿಂದ.

ಕುಂಡತೋಟ
ಇಷ್ಟು ಜನ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ದೀಪ ಇವತ್ತಿಂದಲೇ ಬಂದ್. ಕಾಸ್ಮಾಸ್ ಉಳಿಸಿಕೊಳ್ಳುತ್ತೇನೆ. ಪೆಟೂನಿಯಾ ಇದ್ದ ಜಾಗಕ್ಕೆ ಏನು ಹಾಕಲಿ? ಹಿತ್ತಲಿಗೆ ಅರ್ಧ ದಿನ ಬಿಸಿಲು, ಸಣ್ಣ ಗಿಡಗಳೇ ಬೇಕು.

ಮಣ್ಣುವಾಸನೆ
ಮುಂದೆ ತುಂಬೆ ಮತ್ತು ತುಳಸಿ. ತುಂಬೆಯನ್ನು ಕಳೆ ಅಂತ ಕೀಳುತ್ತೇವೆ, ಆದರೆ ಆ ಸಣ್ಣ ಬಿಳಿ ಹೂವಿಗೆ ಜೇನೂ ಸಣ್ಣ ಚಿಟ್ಟೆಗಳೂ ಮುತ್ತುತ್ತವೆ. ಅದರ ಹಿಂದೆ ಕೆಂಪು ಕೇಪಳ, ಗೋರಟೆ. ಬಿಸಿಲು ಜಾಸ್ತಿ ಇರುವ ಮೂಲೆಗೆ ತಂಗಡಿ. ಬೇಲಿಗೆ ಲಕ್ಕಿ, ಆಗಾಗ ಸವರಿದರೆ ಹಿಡಿತದಲ್ಲಿ ಇರುತ್ತದೆ. ಜಾಗ ಇದ್ದರೆ ಒಣಗಿದ ಕಾಯಿ ಅಲ್ಲಾಡಿಸಿದಾಗ ಗಲಗಲ ಅನ್ನುವ ಕ್ರೊಟಲೇರಿಯಾ. ಟೈಗರ್ ಜಾತಿಯ ಗಂಡು ಚಿಟ್ಟೆಗಳು ಅದರ ಒಣ ಎಲೆ, ಕಾಯಿ ಕೆರೆದು ರಸ ಹೀರುತ್ತವೆ. ಹೆಣ್ಣನ್ನು ಕರೆಯುವ ವಾಸನೆ ತಯಾರಿಸಲು ಅದರ ರಾಸಾಯನಿಕ ಬೇಕು.

ಒಂದೊಂದೇ ಗಿಡ ಚೆದುರಿಸಬೇಡಿ. ಒಂದೇ ಜಾತಿಯ ನಾಲ್ಕೈದು ಗಿಡ ಗುಂಪಾಗಿ ಇರಲಿ. ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಗುಂಪು ಇದ್ದರೆ ಅದಕ್ಕೆ ಓಡಾಟ ಕಡಿಮೆ.

ಚಿಟ್ಟೆಹಾದಿ
ಒಂದು ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ಕಲ್ಲು ಮುಳುಗದಷ್ಟು ನೀರು ಇಡಿ. ಆಳವಾದರೆ ಜೇನು ಮುಳುಗುತ್ತದೆ. ಪಕ್ಕದಲ್ಲಿ ಒದ್ದೆ ಮಣ್ಣು ಇದ್ದರೆ ಗಂಡು ಚಿಟ್ಟೆಗಳು ಉಪ್ಪಿನಂಶಕ್ಕೆ ಬರುತ್ತವೆ. ನೀರು ಆಗಾಗ ಬದಲಿಸಿ, ಸೊಳ್ಳೆ ಆಗಬಾರದು.

ಕುಂಡತೋಟ
ಈಶ್ವರಿ ಬಳ್ಳಿ ಹಾಕಬೇಕು ಅಂತ ಮನಸ್ಸಾಗಿದೆ. ಕಾಡಂಚಿನಿಂದ ಒಂದು ಬೇರು ಕಿತ್ತು ತಂದರೆ ಬದುಕುತ್ತದಾ?

ಬಳ್ಳಿಮನೆ
ಕೀಳಬೇಡಿ ದಯವಿಟ್ಟು. ಅಲ್ಲಿ ಅದರ ಮೇಲೆ ಆಗಲೇ ಮೊಟ್ಟೆ ಇರಬಹುದು. ಬಲಿತು ಒಡೆದ ಕಾಯಿಯಿಂದ ಸ್ವಲ್ಪ ಬೀಜ ಸಾಕು, ಅಥವಾ ಬೆಳೆಸಿದವರ ಹತ್ತಿರ ಸಸಿ ಕೇಳಿ. ಬುಡಕ್ಕೆ ನೆರಳು, ತುದಿಗೆ ಬಿಸಿಲು, ಹತ್ತಲು ಬೇಲಿ. ಕೊಳ್ಳುವಾಗ ದೊಡ್ಡ ಕಂದು ಚುಕ್ಕೆಯ ಹೂವಿನ ಡಚ್‌ಮನ್ಸ್ ಪೈಪ್ ಕೊಟ್ಟುಬಿಡುತ್ತಾರೆ, ನೋಡಿ ತೆಗೆದುಕೊಳ್ಳಿ. ಈಶ್ವರಿ ಬಳ್ಳಿಯ ಹೂವು ಸಣ್ಣದು. ಇನ್ನೊಂದು, ಮದ್ದು ಅಂತ ಯಾರು ಹೇಳಿದರೂ ಅದರ ಬೇರು, ಎಲೆ ಸೇವಿಸಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಹಾಳುಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣ. ಅದು ಚಿಟ್ಟೆಯ ಮರಿಗೆ ಮಾತ್ರ.

ನಾಲ್ಕುಕಾಲ
ಬಳ್ಳಿಮನೆ ಅವರೇ, ನಿಮ್ಮ ಹತ್ತಿರ ಬೀಜ ಇದ್ದರೆ ನನಗೂ ಬೇಕು. ಕಾಸ್ಮಾಸ್ ಪಕ್ಕದ ಬೇಲಿ ಖಾಲಿ ಇದೆ.

ಬಳ್ಳಿಮನೆ
ಈ ಸಲದ ಕಾಯಿ ಇನ್ನೂ ಹಸಿರು. ಒಣಗಿ ಒಡೆದ ಮೇಲೆ ಇಲ್ಲೇ ಹೇಳುತ್ತೇನೆ ಸರ್. ಇಬ್ಬರಿಗೂ ಕೊಡುವಷ್ಟು ಆಗುತ್ತದೆ.